ಸರ್ಟಿಫಿಕೇಟಿನ ಮೇಲೆ ರೊಟ್ಟಿ ಬಡಿಯಲಾದೀತೆ?

ಹೋದ ವರ್ಷ ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಉದ್ಯಮಶೀಲತಾ ದಿನ ನಡೆಯಿತು. ಯಾವ ಕಾಲೇಜು ಎಂದು ಕೇಳಬೇಡಿ, ಹೆಸರು ಬೇಡ. ಮೂವತ್ತು ವರ್ಷ ಕಾಮರ್ಸ್ ಕಲಿಸಿ ನಿವೃತ್ತಳಾದವಳೆಂಬ ಕಾರಣಕ್ಕೆ ನನ್ನನ್ನೂ ಕರೆದು ವೇದಿಕೆಯ ಮೇಲೆ ಕೂಡಿಸಿದ್ದರು. ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಆಯಿತು. ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಚಿತ್ರ ತೋರಿಸುತ್ತ, ಅಮೆರಿಕದಲ್ಲಿ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹುಟ್ಟಿ ಇಂದು ಲೋಕವನ್ನೇ ಆಳುತ್ತಿರುವ ಕಂಪನಿಗಳ ಕತೆ ಹೇಳಿದರು. ಕೊನೆಗೆ, "ನಿಮಗೆ ಇರುವ ಕೊರತೆ ಹಣದ್ದಲ್ಲ, ಕನಸಿನದು" ಎಂದರು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ವೇದಿಕೆಯ ಮೇಲೆ ಕೂತವರು ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕಡಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬೆಂಗಳೂರಿನ ಅತಿಥಿಗಳು ರೊಟ್ಟಿಯ ಫೋಟೋ ತೆಗೆದುಕೊಂಡರು. ಇಂಥ ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿ ಮಾರಿದರೆ ಎಷ್ಟು ದೊಡ್ಡ ವ್ಯಾಪಾರವಾದೀತು, ಯಾರಿಗೂ ಹೊಳೆಯುವುದಿಲ್ಲವಲ್ಲ ಎಂದು ಮರುಗಿದರು. ಆ ಹೊತ್ತಿಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬ ಹೆಣ್ಣುಮಗಳು ಖಾಲಿ ಬುಟ್ಟಿಗಳನ್ನು ಎಣಿಸಿ ಇಡುತ್ತಿದ್ದಳು. ಹತ್ತಿರ ಹೋದಾಗ ಗುರುತು ಹತ್ತಿತು. ನನ್ನ ಹಳೆಯ ವಿದ್ಯಾರ್ಥಿನಿ, ತೇರದಾಳದವಳೇ. "ಆರಾಮ ಅದೀರಿಲ್ರೀ ಮೇಡಂ?" ಎಂದಳು. ಐದುನೂರು ರೊಟ್ಟಿ, ಮೂರು ಕಿಲೋ ಚಟ್ನಿ ಅವಳೇ ತಂದಿದ್ದಳು. ಬಿಲ್ಲು 4,900 ರೂಪಾಯಿ. ಕನಸಿನ ಕೊರತೆ ಇರುವವರಿಗೆ ಉದ್ಯಮ ಹೇಗೆ ಮಾಡಬೇಕೆಂದು ಒಳಗೆ ಹೇಳಿಕೊಡುತ್ತಿದ್ದಾಗ ಉದ್ಯಮ ಹೊರಗೆ ನಲ್ಲಿಯ ಹತ್ತಿರ ಬುಟ್ಟಿ ತೊಳೆಯುತ್ತಿತ್ತು.

ನಾಲ್ಕು ತಿಂಗಳ ಮೇಲೆ ಪ್ರಭುದೇವರ ಗುಡಿಯ ಮುಂದೆ ಸಿಕ್ಕಳು. ಮಾತಿಗೆ ಮಾತು ಬಂದು, "ಆ ಕಾಲೇಜಿನ ಬಿಲ್ ಇನ್ನೂ ಆಗಿಲ್ರೀ" ಎಂದಳು. ಆಫೀಸಿನಲ್ಲಿ ಮೊದಲು ಮೂರು ಕೊಟೇಶನ್ ಬೇಕೆಂದರಂತೆ. ಆಮೇಲೆ ಜಿಎಸ್‌ಟಿ ನಂಬರು ಕೇಳಿದರಂತೆ. ಅದು ಇಲ್ಲ ಅಂದಾಗ ಲೆಟರ್‌ಹೆಡ್ಡಾದರೂ ತನ್ನಿ ಅಂದರಂತೆ. "ಲೆಟರ್‌ಹೆಡ್ ಇಲ್ಲ ಅಂದ್ರ ನೀವು ಸಂಸ್ಥಾ ಹೆಂಗ ಆಗ್ತೀರಿ ಅಂತಾರ್ರೀ. ನಾ ಸಂಸ್ಥಾ ಅಲ್ರೀ ಸರ, ನಾ ರೊಟ್ಟಿ ಮಾಡಾಕಿ ಅಂದೆ" ಎಂದು ನಕ್ಕಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಯಾಕೆಂದರೆ ಈ ಹುಡುಗಿಗೆ ನನ್ನಿಂದಲೂ ಒಂದು ಬಾಕಿ ಇದೆ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಪದವಿಯ ಕೊನೆಯ ವರ್ಷ "ಉದ್ಯಮಶೀಲತಾ ಅಭಿವೃದ್ಧಿ" ಎಂಬ ವಿಷಯ ನನ್ನ ಪಾಲಿಗಿತ್ತು. ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ವರದಿ ಬರೆದು ಕೊಡಬೇಕು, ಇಪ್ಪತ್ತು ಅಂಕ. ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳು ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ವರದಿಯನ್ನೇ ನಕಲು ಮಾಡುತ್ತಿದ್ದರು. ಖನಿಜ ನೀರಿನ ಘಟಕ, ಅಣಬೆ ಬೇಸಾಯ, ಮೇಣದಬತ್ತಿ ತಯಾರಿಕೆ. ಇವಳು ಮಾತ್ರ "ನಮ್ಮ ಅವ್ವನ ರೊಟ್ಟಿ ವ್ಯಾಪಾರ" ಎಂದು ಹನ್ನೊಂದು ಪುಟ ಬರೆದುಕೊಟ್ಟಳು. ಜೋಳ ಯಾವ ತಿಂಗಳು ಅಗ್ಗ, ಗಿರಣಿಗೆ ಎಷ್ಟು, ಕಟ್ಟಿಗೆಗೆ ಎಷ್ಟು, ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ, ಮಳೆಗಾಲದಲ್ಲಿ ಎಷ್ಟು ಮೆತ್ತಗಾಗಿ ಹಾಳಾಗುತ್ತವೆ, ಯಾವ ಖಾನಾವಳಿಯಲ್ಲಿ ಎಷ್ಟು ಉದ್ರಿ ನಿಂತಿದೆ, ಎಲ್ಲ ಲೆಕ್ಕ. ಕೊನೆಯ ಪುಟದಲ್ಲಿ ಒಂದು ಸಾಲು: "ಮುಖ್ಯ ಸಮಸ್ಯೆ, ರೊಕ್ಕ ತಡ ಆಗಿ ಬರತದ." ನಾನು ಕೆಂಪು ಶಾಯಿಯಲ್ಲಿ ಅದರ ಕೆಳಗೆ ಗೆರೆ ಎಳೆದು "ಭಾಷೆ ಸುಧಾರಿಸಬೇಕು" ಎಂದು ಬರೆದೆ. ಇಪ್ಪತ್ತಕ್ಕೆ ಹನ್ನೊಂದು ಕೊಟ್ಟೆ. ಖನಿಜ ನೀರಿನ ಘಟಕಕ್ಕೆ ಹದಿನೆಂಟು ಕೊಟ್ಟಿದ್ದೆ. ಅದರಲ್ಲಿ ಪೀಠಿಕೆ, ಉದ್ದೇಶ, ನಕ್ಷೆ, ಉಪಸಂಹಾರ ಎಲ್ಲ ಇದ್ದವು. ನೀರು ಒಂದಿರಲಿಲ್ಲ.

ಇಂದು ನಾನು ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಇನ್ನು ಬೈಯಬಹುದು ಎಂದುಕೊಂಡಿದ್ದೇನೆ.

ವಿಶ್ವವಿದ್ಯಾಲಯಗಳು ಉದ್ಯಮಶೀಲತೆ ಎಂದರೆ ಮನಸ್ಸಿನ ಒಂದು ಗುಣ ಎಂದು ನಂಬಿವೆ. ಆ ಗುಣ ಇಲ್ಲದವರಿಗೆ ಭಾಷಣ ಮಾಡಿ ತುಂಬಬೇಕು ಎಂದು ನಂಬಿವೆ. ಇದು ನಿನ್ನೆ ಮೊನ್ನೆಯ ನಂಬಿಕೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಸ್ಥರಿಗೆ ಹೈದರಾಬಾದಿನ ಸಂಸ್ಥೆಯೊಂದರಲ್ಲಿ ತರಬೇತಿ ಕೊಡಿಸಿದ. ಸಾಧಿಸಬೇಕೆಂಬ ಹಂಬಲವನ್ನು ಬೆಳೆಸಿದರೆ ವ್ಯಾಪಾರ ಬೆಳೆಯುತ್ತದೆ ಎಂಬುದು ಅವನ ಸಿದ್ಧಾಂತ. ತರಬೇತಿ ಪಡೆದವರು ಮುಂದೆ ಬಂದರು ಎಂದೂ ತೋರಿಸಿದ. ಕಾಕಿನಾಡ ಪ್ರಯೋಗ ಎಂದು ಇಂದಿಗೂ ಬಿ.ಕಾಂ. ಮಕ್ಕಳು ಇದನ್ನು ಐದು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ನಾನೂ ವರ್ಷ ವರ್ಷ ಹೇಳಿ ಬರೆಸಿದ್ದೇನೆ. ಆದರೆ ಒಂದು ಮಾತು ನನಗೂ ಹೊಳೆಯಲಿಲ್ಲ. ಕಾಕಿನಾಡದ ಆ ಜನ ಮೊದಲೇ ವ್ಯಾಪಾರದಲ್ಲಿದ್ದವರು. ಗಲ್ಲೆಯ ಕೀಲಿ ಅವರ ಸೊಂಟದಲ್ಲೇ ಇತ್ತು. ಅಂಥವರಿಗೆ ಹಂಬಲ ಹೇಳಿಕೊಟ್ಟರೆ ಅದು ಹೋಗಿ ಕೂಡಲು ಒಂದು ಅಂಗಡಿ ಇರುತ್ತದೆ. ನಮ್ಮ ತೇರದಾಳದ ಹುಡುಗಿಗೆ ಹೇಳಿಕೊಟ್ಟ ಹಂಬಲ ಎಲ್ಲಿ ಹೋಗಿ ಕೂಡಬೇಕು?

ಹಂಬಲಕ್ಕೆ, ದುಡಿಮೆಗೆ ನಮ್ಮ ಊರಿನಲ್ಲಿ ಬರಗಾಲ ಎಂದಾದರೂ ಇತ್ತೆ? ನೇಮಿನಾಥ ಬಸದಿಯನ್ನು ಗೊಂಕರಸ ಕಟ್ಟಿಸಿದ್ದು 1123ರಲ್ಲಿ. ಆ ಕಾಲದ ತೇರದಾಳದ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘದ ವರ್ಣನೆ ಬರುತ್ತದೆ. ಆ ಐನೂರು ಜನರಲ್ಲಿ ಹೆಂಗಸರಿದ್ದರೆಂದು ನಾನೆಲ್ಲೂ ಓದಿಲ್ಲ. ಆದರೆ ಅದೇ ಶತಮಾನದ ಶರಣೆಯರ ಹೆಸರು ನೆನಪು ಮಾಡಿಕೊಳ್ಳಿ. ಕದಿರ ರೆಮ್ಮವ್ವೆ ನೂಲು ತೆಗೆಯುತ್ತಿದ್ದಳು, ಅಮುಗೆ ರಾಯಮ್ಮ ನೇಯ್ಗೆಯ ಮನೆಯವಳು. ಕಾಯಕ ಅವರ ಹೆಸರಿಗೇ ಅಂಟಿಕೊಂಡಿತ್ತು. ಇಂದು ನಮ್ಮ ಓಣಿಗಳಲ್ಲಿ ನಡೆದುಹೋದರೆ ಕಾಣುವುದೇನು? ಕಂಡಿಕೆ ಸುತ್ತುವ ಮುದುಕಿ, ಸೀರೆಗೆ ಕುಚ್ಚು ಕಟ್ಟುವ ಸೊಸೆ, ಶ್ಯಾವಿಗೆ ಒಣಹಾಕುವ ಅತ್ತೆ, ಹೊಲಿಗೆ ಯಂತ್ರ ತುಳಿಯುವ ಕಾಲೇಜು ಹುಡುಗಿ. ಇವರಿಗೆ ಹೋಗಿ "ಕನಸು ಕಾಣಿರಿ" ಎನ್ನುವವರಿಗೆ ನಾಚಿಕೆಯಾಗಬೇಕು. ಕನಸು ಕಾಣಲು ನಿದ್ದೆಯಾದರೂ ಬೇಕಲ್ಲ!

ಈ ಹೆಂಗಸರಿಗೆ ಕೊರತೆ ಇರುವುದು ಯಾವುದರದು? ರಬಕವಿ, ಬನಹಟ್ಟಿ, ತೇರದಾಳದ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ನಮ್ಮ ಮನೆಯಲ್ಲಿ, ನೂಲು ಮಾಲಕರದು. ಸೀರೆ ನಾವು ನೇಯ್ದಿದ್ದು, ಬೆಲೆ ಕಟ್ಟುವವರು ಅವರು. ನಮಗೆ ಸಿಗುವುದು ಮಜೂರಿ. ಬೆಲೆ ಏರಿದರೆ ಲಾಭ ಅವರಿಗೆ, ಮಾಲು ನಿಂತರೆ ಮಗ್ಗ ನಿಲ್ಲುವುದು ನಮ್ಮ ಮನೆಯಲ್ಲಿ. ನೂಲು ಕೊಳ್ಳಲು ಕೈಯಲ್ಲಿ ರೊಕ್ಕವಿಲ್ಲದ ಒಂದೇ ಕಾರಣಕ್ಕೆ ಕಸಬು ತಿಳಿದವರು ಕೂಲಿಯವರಾದರು. ಅರಿಷಿಣದ ಮಾತೂ ಹಾಗೆಯೇ. ನಮ್ಮ ಹೊಲದಲ್ಲಿ ಬೆಳೆದು, ನಮ್ಮ ಹೆಂಗಸರ ಕೈಯಲ್ಲಿ ಹಸನಾದ ಅರಿಷಿಣ ಚೀಲ ಸೇರಿ ಸಾಂಗ್ಲಿಯ ಪೇಟೆಗೆ ಹೋಗುತ್ತದೆ. ಅಲ್ಲಿಂದ ಪುಡಿಯಾಗಿ, ಚಂದದ ಪಾಕೀಟಿನಲ್ಲಿ ತುಂಬಿ, ನಮ್ಮ ಊರಿನ ಕಿರಾಣಿ ಅಂಗಡಿಗೇ ತಿರುಗಿ ಬರುತ್ತದೆ. ಪುಡಿ ಮಾಡುವುದು ನಮಗೆ ಬರುವುದಿಲ್ಲವೆ? ಬರುತ್ತದೆ. ಪಾಕೀಟಿನ ಬಾಯಿ ಮುಚ್ಚುವ ಯಂತ್ರ, ಗುಣಮಟ್ಟದ ಪರೀಕ್ಷೆ, ಮೂರು ತಿಂಗಳು ಮಾಲು ಹಿಡಿದಿಡುವ ರೊಕ್ಕ, ಪಾಕೀಟು ಕೊಳ್ಳುವ ಮೊದಲ ಗಿರಾಕಿ, ಇವು ಇಲ್ಲ.

ಇದೇ ಮಾತನ್ನು ಕಣ್ಣಿಟ್ಟು ನೋಡಿದ ಒಬ್ಬ ವಿಶ್ವವಿದ್ಯಾಲಯದ ಮೇಷ್ಟರಿದ್ದರು. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್. ಅವರು ಪಾಠ ಹೇಳಿ ಸಾಕಾಗಿ, 1976ರಲ್ಲಿ ಕ್ಯಾಂಪಸ್ಸಿನ ಪಕ್ಕದ ಜೋಬ್ರಾ ಎಂಬ ಹಳ್ಳಿಗೆ ಹೋದರು. ಅಲ್ಲಿ ಬಿದಿರಿನ ಮಣೆ ಹೆಣೆಯುವ ಹೆಣ್ಣುಮಗಳೊಬ್ಬಳು ಬಿದಿರಿಗೆ ವ್ಯಾಪಾರಿಯಿಂದ ಸಾಲ ತಂದು, ಮಣೆಯನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಮಾರುತ್ತಿದ್ದಳು. ದಿನವೆಲ್ಲ ಹೆಣೆದರೂ ಕೈಗೆ ಹತ್ತುತ್ತಿದ್ದುದು ನಾಲ್ಕು ಪುಡಿಕಾಸು. ನಮ್ಮ ಮಜೂರಿ ನೇಯ್ಗೆಯೂ ಇದೂ ಒಂದೇ ಅಲ್ಲವೆ? ಹಾಗೆ ಸಿಕ್ಕಿಕೊಂಡವರ ಪಟ್ಟಿ ಮಾಡಿದಾಗ 42 ಜನರಾದರು. ಅವರೆಲ್ಲರಿಗೂ ಬಿಡುಗಡೆಗೆ ಬೇಕಾಗಿದ್ದ ಹಣ ಒಟ್ಟು 856 ಟಾಕಾ, ಅಂದಿನ 27 ಡಾಲರು. ತಮ್ಮ ಜೇಬಿನಿಂದಲೇ ಕೊಟ್ಟರು. ಅದು ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕಾಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಂದಿತು. ನೊಬೆಲ್ ಮಾತು ಬಿಡಿ. ಆ ಮೇಷ್ಟರು ಹೆಣ್ಣುಮಗಳಿಗೆ ಮಣೆ ಹೆಣೆಯುವುದು ಕಲಿಸಲಿಲ್ಲ, ಹಂಬಲವನ್ನೂ ಕಲಿಸಲಿಲ್ಲ. ಏನು ಅಡ್ಡ ನಿಂತಿದೆ ಎಂದು ಕೇಳಿದರು. ನಮ್ಮ ಪ್ರಾಧ್ಯಾಪಕರು ಕಾಲೇಜಿನ ಗೇಟು ದಾಟಿ ಎದುರಿನ ಓಣಿಗೆ ಹೋಗಿ ಇಷ್ಟನ್ನು ಕೇಳಿದ್ದರೆ! ನಾನೇ ಮೂವತ್ತು ವರ್ಷ ಕೇಳಲಿಲ್ಲ.

ಹಾಗೆಂದು ಸಾಲವೇ ಮದ್ದು ಎಂದು ತಿಳಿಯಬೇಡಿ. ಸಾಲದ ಇನ್ನೊಂದು ಮುಖವನ್ನು ನಮ್ಮ ಊರುಗಳು ಚೆನ್ನಾಗಿ ಕಂಡಿವೆ. ವಾರ ವಾರ ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರ ಕಾಟಕ್ಕೆ ಹೆಂಗಸರು ಮನೆ ಬಿಟ್ಟು ಹೋದರು, ಜೀವ ಕಳೆದುಕೊಂಡವರೂ ಇದ್ದಾರೆ. ಕೊನೆಗೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕೆಂದೇ ಸುಗ್ರೀವಾಜ್ಞೆ ತರಬೇಕಾಯಿತು. ಗಿರಾಕಿ ಇಲ್ಲದವಳ ಕೈಗೆ ಸಾಲ ಕೊಟ್ಟರೆ ಅದು ಬಂಡವಾಳ ಆಗುವುದಿಲ್ಲ, ಕೊರಳಿಗೆ ಉರುಳಾಗುತ್ತದೆ. ಆದ್ದರಿಂದಲೇ ಕೇಳುತ್ತೇನೆ, ಸಾಲಕ್ಕಿಂತ ಮೊದಲು ಗಿರಾಕಿಯನ್ನು ಕೊಡಿ.

ಎಲ್ಲ ವಿಶ್ವವಿದ್ಯಾಲಯಗಳೂ ಬರೀ ಭಾಷಣ ಮಾಡುತ್ತವೆ ಎಂದರೆ ಸುಳ್ಳಾದೀತು. ಕೃಷಿ, ತೋಟಗಾರಿಕೆ ಓದುವ ಮಕ್ಕಳಿಗೆ 2015ರಿಂದ ಸ್ಟೂಡೆಂಟ್ ರೆಡಿ ಎಂಬ ಕಾರ್ಯಕ್ರಮವಿದೆ. ಕೊನೆಯ ವರ್ಷ ಅವರು ಹಳ್ಳಿಗೆ ಹೋಗಿ ಇರಬೇಕು, ಕಾಲೇಜಿನಲ್ಲೇ ಸಸಿ ಬೆಳೆಸುವುದೋ ಹಣ್ಣಿನ ಪದಾರ್ಥ ಮಾಡುವುದೋ ಒಂದು ಘಟಕ ನಡೆಸಬೇಕು, ಮಾಡಿದ್ದನ್ನು ಮಾರಬೇಕು. ಬಂದ ಲಾಭದಲ್ಲಿ ಅವರಿಗೂ ಪಾಲು. ಅಂದರೆ ಪದವಿ ಕೈಗೆ ಬರುವ ಮೊದಲು ಗಿರಾಕಿಯ ಮುಖ ನೋಡಿರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಂದ್ರ ಸರ್ಕಾರದ ರಫ್ತಾರ್ ಯೋಜನೆಯ ಕೇಂದ್ರವಿದೆ. ಅಲ್ಲಿ ಆಯ್ಕೆಯಾದವರಿಗೆ ಎರಡು ತಿಂಗಳ ತರಬೇತಿ, ತಿಂಗಳಿಗೆ 10,000 ರೂಪಾಯಿ ಭತ್ಯೆ, ಆಮೇಲೆ ಯೋಜನೆ ನೋಡಿ 5 ಲಕ್ಷದವರೆಗೆ, ಇನ್ನೂ ಬೆಳೆದವರಿಗೆ 25 ಲಕ್ಷದವರೆಗೆ ಅನುದಾನ ಎಂದು ಯೋಜನೆಯ ನಿಯಮ. ರಾಜ್ಯ ಸರ್ಕಾರದ ಹೊಸಯುಗದ ಇನ್ಕ್ಯುಬೇಷನ್ ಜಾಲ ಎಂಬ ಯೋಜನೆ ಬೆಂಗಳೂರಿನ ಹೊರಗಿನ ಕಾಲೇಜುಗಳ ವಿದ್ಯಾರ್ಥಿಗಳ ಒಂದೊಂದು ಪ್ರಾಜೆಕ್ಟಿಗೆ 3 ಲಕ್ಷದವರೆಗೆ ಕೊಟ್ಟಿದೆ. ಇವು ಒಳ್ಳೆಯ ಕೆಲಸಗಳೇ. ಆದರೆ ಅಲ್ಲಿ ಹೋಗಿ ಕೂಡುವವರು ಯಾರು? ಎಂಜಿನಿಯರಿಂಗ್ ಓದಿದವರು, ಕೃಷಿ ಪದವೀಧರರು, ಪರದೆಯ ಮೇಲೆ ಚಿತ್ರ ಹಾಕಿ ಇಂಗ್ಲಿಷಿನಲ್ಲಿ ವಿವರಿಸಬಲ್ಲವರು. ಸಣ್ಣ ಊರಿನಲ್ಲಿ ಬಿ.ಎ., ಬಿ.ಕಾಂ. ಓದುವ ಸಾವಿರಾರು ಹುಡುಗಿಯರಿಗೆ ಉಳಿದದ್ದು ಒಂದು ದಿನದ ಕಾರ್ಯಾಗಾರ, ಒಂದು ಸರ್ಟಿಫಿಕೇಟು, ಒಂದು ಗುಂಪು ಫೋಟೋ. ತೋಟಗಾರಿಕೆ ಓದುವ ಹುಡುಗ ಹಣ್ಣಿನ ರಸ ಮಾರಿ ಪಾಸಾಗುತ್ತಾನೆ, ಕಾಮರ್ಸ್ ಓದುವ ಹುಡುಗಿ ಮಾರುಕಟ್ಟೆಯ ವ್ಯಾಖ್ಯೆ ಬರೆದು ಪಾಸಾಗುತ್ತಾಳೆ. ವ್ಯಾಪಾರ ಓದುತ್ತಿರುವವರು ಇಬ್ಬರಲ್ಲಿ ಯಾರು?

2019ರ ರಾಷ್ಟ್ರೀಯ ಸ್ಟಾರ್ಟಪ್ ನೀತಿಯಲ್ಲಿ ಒಂದು ಉದಾರವಾದ ಮಾತಿದೆ. ಉದ್ಯಮ ಶುರುಮಾಡುವ ವಿದ್ಯಾರ್ಥಿ ಒಂದು ಸೆಮಿಸ್ಟರು ಅಥವಾ ಒಂದು ವರ್ಷ ಓದು ನಿಲ್ಲಿಸಿ, ಮತ್ತೆ ಬಂದು ಸೇರಲು ಕಾಲೇಜುಗಳು ಅವಕಾಶ ಕೊಡಬಹುದು. ಓದಿದಾಗ ನನಗೆ ನಗು ಬಂತು. ಇದನ್ನು ಬರೆದವರು ಗಂಡುಮಕ್ಕಳ ತಂದೆಯೇ ಇರಬೇಕು. ನಮ್ಮ ಕಡೆ ಹುಡುಗಿಯೊಬ್ಬಳು ಒಂದು ವರ್ಷ ಕಾಲೇಜು ಬಿಟ್ಟು ಮನೆಯಲ್ಲಿ ಕೂತಳೆಂದರೆ ಶುರುವಾಗುವುದು ಸ್ಟಾರ್ಟಪ್ ಅಲ್ಲ, ವರ ನೋಡುವುದು. ಅವಳಿಗೆ ಬೇಕಾದ್ದು ಓದು ಬಿಡುವ ಸ್ವಾತಂತ್ರ್ಯವಲ್ಲ. ಓದುತ್ತಿರುವಾಗಲೇ, ಕಾಲೇಜಿನ ಗೋಡೆಯ ಒಳಗೇ, ಸಂಜೆಯ ಕೊನೆಯ ಬಸ್ಸಿಗೆ ಮೊದಲೇ ವ್ಯಾಪಾರ ಮಾಡಿ ನೋಡುವ ಅವಕಾಶ. ಸೋತರೆ ಅಂಕಪಟ್ಟಿ ಇರುತ್ತದೆ, ಮನೆಯವರ ಮುಂದೆ ಮಾನ ಉಳಿಯುತ್ತದೆ. ಸೋಲುವ ಹಕ್ಕು ಗಂಡುಮಕ್ಕಳಿಗೆ ಅಪ್ಪನ ಆಸ್ತಿಯಿಂದ ಬರುತ್ತದೆ, ಹೆಣ್ಣುಮಕ್ಕಳಿಗೆ ಅದನ್ನು ಕಾಲೇಜಾದರೂ ಕೊಡಬೇಕಲ್ಲ!

ಎರಡು ವರ್ಷ ಬೆನ್ನಿಗೆ ನಿಲ್ಲುವುದು ಎಂದರೇನು ಎಂಬುದನ್ನು ವಿಶ್ವವಿದ್ಯಾಲಯಗಳು ಒಂದು ತರಬೇತಿ ಸಂಸ್ಥೆಯಿಂದ ಕಲಿಯಬೇಕು. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ಉಜಿರೆಯಲ್ಲಿ ರುಡ್‌ಸೆಟ್ ತೆರೆದವು. ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಒಂದು ತಂಡಕ್ಕೆ ಮೂವತ್ತು ಜನರ ಆಸುಪಾಸು, ಕೆಲವೇ ವಾರಗಳ ಕಲಿಕೆ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಕಲಿತು ಹೋದವರ ಬೆನ್ನು ಹತ್ತಿ, ಬ್ಯಾಂಕಿನಲ್ಲಿ ಏನಾಯಿತು, ಅಂಗಡಿ ತೆರೆದರೆ, ಯಾಕೆ ಮುಚ್ಚಿದರು ಎಂದು ಎರಡು ವರ್ಷ ವಿಚಾರಿಸುತ್ತಾರೆ. ಈ ಮಾದರಿ ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದು ಇಂಥ ಸಂಸ್ಥೆ ಇರಲಿ ಎಂದಿತು. ಅಲ್ಲಿ ಸೇರಲು ಪದವಿಯೂ ಬೇಕಾಗಿಲ್ಲ. ಮೂರು ವರ್ಷ ನಮ್ಮ ಮುಂದೆ ಬೆಂಚಿನ ಮೇಲೆ ಕೂತ ಮಕ್ಕಳನ್ನು ನಾವು ಬೀಳ್ಕೊಡುಗೆ ಸಮಾರಂಭದ ಮರುದಿನ ಮರೆಯುತ್ತೇವೆ. ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಲೆಕ್ಕ ಪ್ರತಿ ವಾರ್ಷಿಕ ವರದಿಯಲ್ಲೂ ಇರುತ್ತದೆ. ಎರಡು ವರ್ಷದ ಮೇಲೆ ಎಷ್ಟು ಅಂಗಡಿ ತೆರೆದಿವೆ, ಅದರಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಿನಲ್ಲಿವೆ, ಪಾಸ್‌ಬುಕ್ಕು ಯಾರ ಕೈಯಲ್ಲಿದೆ ಎಂಬ ಲೆಕ್ಕವನ್ನು ನಾನು ಕಲಿಸಿದ ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಕೇಳಲಿಲ್ಲ.

ನಮ್ಮ ಭಾಗದ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಗೇ ಬಂತು. ವಿಶ್ವವಿದ್ಯಾಲಯ ಮನೆ ಬಾಗಿಲಿಗೆ ಬಂತೆಂದು ನಾವು ಹಿಗ್ಗಿದೆವು. ಎರಡು ವರ್ಷ ಆಗುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಹಣದ ಕೊರತೆಯಿಂದ ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಕೇಳಿಬಂತು. ಆಗ ಮಕ್ಕಳು, ಮೇಷ್ಟರುಗಳು, ಊರವರು ಎಲ್ಲ ಒಂದೇ ದನಿಯಲ್ಲಿ ಹೇಳಿದ್ದೇನು? ಶುರುಮಾಡಿ ಎರಡು ವರ್ಷ ಆಗಿಲ್ಲ, ಬಂಡವಾಳ ಕೊಡದೆ ಲಾಭ ಕೇಳಿದರೆ ಹೇಗೆ ಎಂದು. ಸರಿಯಾದ ಮಾತು. ರೊಟ್ಟಿ ಮಾಡುವವಳ ಮಾತೂ ಅದೇ. ವಿಶ್ವವಿದ್ಯಾಲಯಕ್ಕೆ ಅನ್ವಯಿಸುವ ನ್ಯಾಯ ಅವಳಿಗೂ ಅನ್ವಯಿಸಬೇಕು.

ಸ್ವಂತ ಕಾಲ ಮೇಲೆ ನಿಂತವರಿಲ್ಲವೆ, ಎಲ್ಲಕ್ಕೂ ಬೇರೆಯವರ ಕಡೆ ಕೈ ತೋರಿಸುವುದು ಯಾಕೆ ಎಂದು ಕೆಲವರು ಕೇಳುತ್ತಾರೆ. ಲಿಜ್ಜತ್ ಹಪ್ಪಳದ ಕತೆ ಹೇಳುತ್ತಾರೆ. ನಾನೂ ಹೇಳುತ್ತೇನೆ. 1959ರಲ್ಲಿ ಮುಂಬೈಯ ಗಿರಗಾಂವದಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತೆಗೆದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ನಾಲ್ಕು ಪಾಕೀಟು. ಆದರೆ ಕತೆ ಹೇಳುವವರು ಒಂದನ್ನು ಮರೆಯುತ್ತಾರೆ. ಆ ಹಪ್ಪಳ ಕೊಳ್ಳಲು ಭುಲೇಶ್ವರದಲ್ಲಿ ಒಬ್ಬ ವ್ಯಾಪಾರಿ ಇದ್ದ. ಏಳು ಜನ ಕೂಡಿಯೇ ಇದ್ದರು, ಒಬ್ಬಳೇ ಇರಲಿಲ್ಲ. ಈಚೆಗೆ ಹೆಸರು ಮಾಡಿದ ಕಲಬುರಗಿ ರೊಟ್ಟಿಯ ಹಿಂದೆಯೂ ಮಹಿಳಾ ಸಂಘಗಳಿವೆ, ಜಿಲ್ಲಾಡಳಿತದ ಬೆಂಬಲವಿದೆ. ನಮ್ಮ ಭಾಷಣಗಳಲ್ಲಿ ಮಾತ್ರ ಉದ್ಯಮಿ ಎಂದರೆ ಯಾವಾಗಲೂ ಒಬ್ಬನೇ, ಅದೂ ಶೆಡ್ಡಿನಲ್ಲಿ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಾ? ದೊಡ್ಡ ಮಾತೇನೂ ಇಲ್ಲ. ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸಮಾರಂಭ ಆಗುತ್ತವೆ, ಹಾಸ್ಟೆಲುಗಳಿವೆ, ಕ್ಯಾಂಟೀನುಗಳಿವೆ. ರೊಟ್ಟಿ, ಚಟ್ನಿ, ಬಟ್ಟೆಯ ಚೀಲ, ಶಾಲು, ಹಾರ ಎಲ್ಲವನ್ನೂ ಕೊಳ್ಳಲೇಬೇಕು. ಮೊದಲ ಗಿರಾಕಿ ಕಾಲೇಜೇ ಆಗಲಿ, ಹಳೆಯ ವಿದ್ಯಾರ್ಥಿನಿಯರ ಹತ್ತಿರ ಕೊಳ್ಳಲಿ, ಹದಿನೈದು ದಿನದಲ್ಲಿ ರೊಕ್ಕ ಕೊಡಲಿ. ಕಾಲೇಜಿನ ಒಂದು ಖಾಲಿ ಕೋಣೆಯಲ್ಲಿ ತೂಕದ ಯಂತ್ರ, ಪಾಕೀಟು ಮುಚ್ಚುವ ಯಂತ್ರ, ಒಂದು ಉದ್ದನೆಯ ಟೇಬಲ್ ಇರಲಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಅದರ ಪ್ರಯೋಗಾಲಯದ ಬಾಗಿಲು ತೇರದಾಳದ ಅರಿಷಿಣ ಪುಡಿಗೂ ತೆರೆಯಲಿ. ಉದ್ಯಮಶೀಲತೆಯ ವಿಷಯಕ್ಕೆ ಪ್ರಶ್ನೆಪತ್ರಿಕೆ ಬೇಡ. ಮೂರು ತಿಂಗಳು ಏನಾದರೂ ಮಾರಿ, ಲೆಕ್ಕದ ಪುಸ್ತಕ ತಂದು ತೋರಿಸಲಿ. ನಷ್ಟ ಆದವರಿಗೂ ಅಂಕ ಕೊಡಿ, ಲೆಕ್ಕ ಸರಿ ಇದ್ದರೆ ಸಾಕು. ಆಗ ರೊಟ್ಟಿಯ ವರದಿಗೆ ಹನ್ನೊಂದು, ನೀರಿಲ್ಲದ ನೀರಿನ ಘಟಕಕ್ಕೆ ಹದಿನೆಂಟು ಕೊಡುವ ಪಾಪ ನನ್ನಂಥವರಿಗೆ ಬರುವುದಿಲ್ಲ.

ಬಿಲ್ಲಿನ ಕತೆ ಅರ್ಧಕ್ಕೇ ನಿಂತಿತ್ತು. ಗುಡಿಯ ಮುಂದೆ ಸಿಕ್ಕ ಮರುದಿನ ಅವಳ ಮನೆಗೆ ಹೋದೆ. ಅವಳ ಮೊಬೈಲಿನಲ್ಲೇ ಉದ್ಯಮ ನೋಂದಣಿ ಮಾಡಿದೆವು. ಅದಕ್ಕೆ ಒಂದು ಪೈಸೆ ಫೀ ಇಲ್ಲ, ಚಹಾ ಆರುವಷ್ಟರಲ್ಲಿ ಮುಗಿಯಿತು. ಸಣ್ಣ ಉದ್ದಿಮೆಗಳಿಗೆಂದೇ 2006ರ ಕಾಯಿದೆ ಇದೆ. ಹೀಗೆ ನೋಂದಾಯಿಸಿಕೊಂಡವರ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಕಟ್ಟಬೇಕು. ಈ ಕಾಯಿದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಕಲಿಸಿದ್ದೇನೋ! ಒಬ್ಬಳೇ ಒಬ್ಬ ಹುಡುಗಿಯ ಕೈ ಹಿಡಿದು ನೋಂದಣಿ ಮಾಡಿಸಿದ್ದು ಮಾತ್ರ ಅದೇ ಮೊದಲು, ಅದೂ ನಿವೃತ್ತಿಯಾದ ಮೇಲೆ. ಆಮೇಲೆ ಇಬ್ಬರೂ ಆ ಕಾಲೇಜಿನ ಆಫೀಸಿಗೆ ಹೋದೆವು. ಹಳೆಯ ಬಿಲ್ಲಿಗೆ ಕಾಯಿದೆ ತಾಗುವುದಿಲ್ಲ, ಮುಂದಿನ ಬಿಲ್ಲಿಗೆ ತಾಗುತ್ತದೆ ಎಂದು ತಿಳಿಸಿ ಹೇಳಿದೆ. ಗುಮಾಸ್ತರು ಕಾಗದ ತಿರುವಿ ನೋಡಿ, "ಇಂಥಾದ್ದೊಂದು ಕಾಯಿದೆ ಐತೇನ್ರೀ ಮೇಡಂ?" ಎಂದರು. "ಐತ್ರೀ. ನಿಮ್ಮ ಕಾಲೇಜಿನ ಸಿಲೆಬಸ್‌ನಾಗs ಐತಿ" ಎಂದೆ.

ಆರನೆಯ ತಿಂಗಳು ಬಿಲ್ಲು ಪಾಸಾಯಿತು. ಆ ಸಂಜೆ ಅವಳು ಒಂದು ಕಟ್ಟು ರೊಟ್ಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ರೊಟ್ಟಿ ಎಣಿಸಿ, ಅದರ ರೊಕ್ಕ ತಂದು ಅವಳ ಮುಂದೆ ಇಟ್ಟೆ. "ಏನ್ ಮಾಡಾಕತ್ತೀರಿ ಮೇಡಂ, ನಿಮ್ಮ ಕಡೆ ರೊಕ್ಕ ತಗೊಳ್ಳೂದs?" ಎಂದು ಹಿಂದೆ ಸರಿದಳು. "ತಗೊ. ನಿನ್ನ ವರದಿಯೊಳಗ ನೀನs ಬರದಿದ್ದಿ, ರೊಕ್ಕ ತಡ ಆಗಿ ಬರತದ ಅಂತ" ಎಂದೆ. ಅವಳಿಗೆ ಅದು ನೆನಪಿರಲಿಲ್ಲ. ನೋಟು ತೆಗೆದುಕೊಂಡು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡಳು.